ಒಂದೇ ದಿನ ಆರು ಸಲ ಬಿಸಿನೀರ ಸ್ನಾನ

ಫೆಬ್ರವರಿಯಲ್ಲಿ ಇದೇ ಅಂಕಣದಲ್ಲಿ ಪಿಜಿ ಊಟದ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಸೋಡಾ ಹಾಕಿದ ಅನ್ನ, ನಿನ್ನೆಯದ್ದನ್ನೇ ಕುದಿಸಿದ ಸಾಂಬಾರು, ಅದನ್ನು ತಿಂದು ತಿಂಗಳಿಗೊಮ್ಮೆ ವಾಂತಿ ಮಾಡಿಕೊಂಡು ಡ್ರಿಪ್ ಹಾಕಿಸಿಕೊಳ್ಳುವ ನನ್ನ ತಮ್ಮನ ಕಥೆ. ಇವತ್ತು ಆ ಬರಹಕ್ಕೆ ಒಂದು ತಿದ್ದುಪಡಿ ಇದೆ. ಮೊದಲು ಆ ಪಿಜಿ ನಡೆಸುವ ಆಂಟಿಯ ಕ್ಷಮೆ ಕೇಳ್ತೀನಿ. ತಪ್ಪು ಅವರ ಸಾಂಬಾರಿನದ್ದಾಗಿರಲಿಲ್ಲ.

ತಮ್ಮನನ್ನ ಕೇಳಿಯೇ ಬರೀತಿದ್ದೀನಿ. "ಹೆಸರು ಬೇಡ, ಕಂಪನಿ ಬೇಡ. ಉಳಿದದ್ದೆಲ್ಲ ಬರಿ. ನನ್ ಥರ ಇನ್ನೊಬ್ಬ ಇರ್ತಾನೆ, ಅವನಿಗೆ ಗೊತ್ತಾಗ್ಲಿ" ಅಂದ. ಅವನಿಗೆ ಇಪ್ಪತ್ತಾರು. ಬೆಂಗಳೂರಲ್ಲೇ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡದ ಹುಡುಗ.

ನೀರು ತುಂಬುವ ಹಬ್ಬದ ದಿನ

ಶುರುವಾಗಿದ್ದು ಕಳೆದ ದೀಪಾವಳಿಗೆ, ತಿಪಟೂರಿನ ನಮ್ಮ ಮನೆಯಲ್ಲಿ. ನಮ್ಮ ಬಚ್ಚಲಲ್ಲಿ ಇವತ್ತಿಗೂ ಹಂಡೆ ಇದೆ, ಒಲೆಗೆ ತೆಂಗಿನ ಮಟ್ಟೆ. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ಹಾಗಲ ಬಳ್ಳಿ ಸುತ್ತಿ ನೀರು ತುಂಬ್ತಾರೆ. ಮರುದಿನ ಬೆಳಿಗ್ಗೆ ಎಣ್ಣೆ ಸ್ನಾನ.

ಆ ದಿನ ತಮ್ಮ ಒಂದು ಸಲ ಸ್ನಾನ ಮಾಡಿ ಬಂದವನು ಮತ್ತೆ ಹೋದ. ಮತ್ತೆ ಮಧ್ಯಾಹ್ನ ಹೋದ. ಸಂಜೆಯ ಹೊತ್ತಿಗೆ ಆರು ಸಲ ಆಗಿತ್ತು. ಮೈ ಕೆಂಪಗೆ ಸುಟ್ಟ ಹಾಗೆ ಆಗಿತ್ತು. ಊಟಕ್ಕೆ ಕರೆದರೆ "ಹೊಟ್ಟೆ ಸರಿಯಿಲ್ಲ" ಅಂತಿದ್ದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅಮ್ಮನಿಗೆ ಮಾತ್ರ ಖುಷಿ: "ಪಾಪ, ಬೆಂಗಳೂರಲ್ಲಿ ಗೀಜರ್ ನೀರು ಎರಡು ಬಕೆಟ್‌ಗೆ ಮುಗಿದುಹೋಗುತ್ತೆ. ಹಂಡೆ ನೀರಿಗೆ ಹಂಬಲಿಸ್ತಿದ್ದಾನೆ, ಬಿಡ್ರೇ" ಅಂತ ಇನ್ನೊಂದಿಷ್ಟು ಮಟ್ಟೆ ತುರುಕಿದರು.

ಕಾಯಿಲೆ ಆವತ್ತೇ ನಮ್ಮೆದುರು ನಿಂತಿತ್ತು. ನಮಗೆ ಗುರುತು ಸಿಗಲಿಲ್ಲ ಅಷ್ಟೇ.

ಜನವರಿಯಲ್ಲಿ ಮೊದಲ ದೊಡ್ಡ ವಾಂತಿ. ಒಂದು ಗಂಟೆಯಲ್ಲಿ ನಾಲ್ಕೈದು ಸಲ. ಹೊಟ್ಟೆಯಲ್ಲಿ ಏನೂ ಉಳಿಯದೆ ಹಳದಿ ಪಿತ್ತ ಬಂದರೂ ಓಕರಿಕೆ ನಿಲ್ಲಲಿಲ್ಲ. ಎರಡು ದಿನ ಡ್ರಿಪ್, ಮನೆಗೆ. ಫೆಬ್ರವರಿಯಲ್ಲಿ ಮತ್ತೆ. ಆಗಲೇ ನಾನು ಆ ಪಿಜಿ ಬರಹ ಬರೆದಿದ್ದು. ಮಾರ್ಚ್‌ನಲ್ಲಿ ಅವನನ್ನ ನನ್ನ ಮನೆಗೇ ಕರೆತಂದೆ. ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ. ಅಮ್ಮ ಬಸ್ಸಿಗೆ ಜೀರಿಗೆ ಕಷಾಯದ ಪುಡಿ ಕಳಿಸಿದರು, ಜೊತೆಗೆ ದೃಷ್ಟಿ ತೆಗೆದ ಮೆಣಸಿನಕಾಯಿಯ ಕಥೆಯನ್ನೂ ಫೋನಲ್ಲಿ ಹೇಳಿದರು. ಏಪ್ರಿಲ್‌ನಲ್ಲಿ ಮತ್ತೆ ವಾಂತಿ. ಈ ಸಲ ನನ್ನ ಅಡುಗೆ ತಿಂದೇ!

ಎಂಡೋಸ್ಕೋಪಿ ಮಾಡಿಸಿದ್ವಿ, ಸರಿ ಇತ್ತು. ರಕ್ತ, ಲಿವರ್ ಸರಿ ಇತ್ತು. ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಒಂದು ಸಣ್ಣ ಕಲ್ಲು ಕಾಣಿಸ್ತು. "ಇದೇ ಇರಬಹುದು, ಪಿತ್ತಕೋಶ ತೆಗೆದುಬಿಡೋಣ" ಅಂದರು. ಆಪರೇಷನ್ನಿಗೆ ದಿನ ಗೊತ್ತಾಯ್ತು. ಇನ್ಶೂರೆನ್ಸ್ ಒಪ್ಪಿಗೆಯೂ ಬಂತು. ನಮಗೆ ಒಂಥರಾ ಸಮಾಧಾನ, ಸದ್ಯ, ಕಾರಣ ಅಂತ ಒಂದು ಸಿಕ್ಕಿತಲ್ಲ ಅಂತ.

ಆ ಒಂದು ಪ್ರಶ್ನೆ

ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ರಾತ್ರಿ ಹನ್ನೊಂದಕ್ಕೆ ಮತ್ತೆ ಶುರುವಾಯ್ತು. ಮನೆಗೆ ಹತ್ತಿರ ಅಂತ ಬೇರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಕರಕೊಂಡು ಹೋದ್ವಿ. ಅವನ ರಕ್ತದಲ್ಲಿ ಪೊಟ್ಯಾಸಿಯಂ 2.6ಕ್ಕೆ ಇಳಿದಿತ್ತು. ಇರಬೇಕಾದದ್ದು 3.5ಕ್ಕಿಂತ ಮೇಲೆ. ಹೃದಯದ ಬಡಿತ ಏರುಪೇರಾಗಬಹುದು ಅಂತ ಮಾನಿಟರ್ ಹಾಕಿದರು. ಅಷ್ಟು ಹೊತ್ತೂ ಅವನು ಒಂದೇ ಮಾತು ಹೇಳ್ತಿದ್ದ: "ಇಲ್ಲಿ ಬಾತ್‌ರೂಮಲ್ಲಿ ಬಿಸಿನೀರು ಬರುತ್ತಾ?"

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ, ಹೆಚ್ಚೆಂದರೆ ನನ್ನ ವಯಸ್ಸು, ಬರೀತಿದ್ದ ಕೈ ನಿಲ್ಲಿಸಿ ತಲೆ ಎತ್ತಿದರು. "ಬಿಸಿನೀರು ಹುಯ್ಕೊಂಡ್ರೆ ಕಡಿಮೆ ಆಗುತ್ತಾ?"

ನಾನೇ ನಕ್ಕು ದೀಪಾವಳಿ ಕಥೆ ಹೇಳಿದೆ. ಅವರು ನಗಲಿಲ್ಲ. "ನೀವು ಒಂದೈದು ನಿಮಿಷ ಹೊರಗೆ ಕೂತಿರ್ತೀರಾ?" ಅಂದರು.

ಹತ್ತು ನಿಮಿಷ ಆದಮೇಲೆ ನನ್ನನ್ನ ಒಳಗೆ ಕರೆದರು. ತಮ್ಮನೇ ಹೇಳಿದ, ಗೋಡೆ ನೋಡಿಕೊಂಡು. "ಅಕ್ಕಾ, ನಾನು ಗಾಂಜಾ ಹೊಡೀತೀನಿ. ತುಂಬಾ ದಿನದಿಂದ."

ಹಾಸ್ಟೆಲ್‌ನಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಶುರು. ಮೊದಮೊದಲು ವೀಕೆಂಡ್ ಮಾತ್ರ. 2020ರ ಲಾಕ್‌ಡೌನಲ್ಲಿ ವರ್ಕ್ ಫ್ರಮ್ ಹೋಮ್ ಬಂದಾಗ ದಿನಾ ಆಯ್ತು. ಲಾಗೌಟ್ ಆದಮೇಲೆ ಒಂದು, ಮಲಗೋ ಮುಂಚೆ ಒಂದು. ಆಮೇಲೆ ಬೆಳಿಗ್ಗೆ ಎದ್ದಕೂಡಲೇ ಹೊಟ್ಟೆ ತೊಳೆಸಲು ಶುರುವಾದಾಗ, ಅದಕ್ಕೂ ಒಂದು. "ಗಾಂಜಾ ವಾಕರಿಕೆಗೆ ಒಳ್ಳೇದು ಅಂತ ನೆಟ್‌ನಲ್ಲಿ ಓದಿದ್ದೆ. ಕ್ಯಾನ್ಸರ್ ಪೇಷಂಟ್‌ಗೆ ಕೊಡ್ತಾರಂತೆ. ಅದಕ್ಕೇ ಜಾಸ್ತಿ ಮಾಡಿದೆ" ಅಂದ.

ಔಷಧ ಅಂದುಕೊಂಡು ಕಾಯಿಲೆಯನ್ನೇ ಸೇದುತ್ತಿದ್ದ!

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಸಿಂಡ್ರೋಮ್. ಚಿಕ್ಕದಾಗಿ ಸಿಎಚ್‌ಎಸ್. ಹೈಪರ್‌ಎಮೆಸಿಸ್ ಅಂದರೆ ಅತಿಯಾದ ವಾಂತಿ. ವರ್ಷಗಟ್ಟಲೆ, ಹೆಚ್ಚಾಗಿ ದಿನನಿತ್ಯ ಗಾಂಜಾ ಬಳಸುವವರಲ್ಲಿ ಕೆಲವರಿಗೆ ಬರುವ ಕಾಯಿಲೆ. ನಾನು ಆವತ್ತೇ ಮೊದಲ ಸಲ ಕೇಳಿದ್ದು. ಆಮೇಲೆ ಕೂತು ಓದಿದೆ.

ಅಡಿಲೇಡ್ ಗುಡ್ಡಗಳ ಹತ್ತು ಜನ

ಈ ಕಾಯಿಲೆಗೆ ಹೆಸರು ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಅಡಿಲೇಡ್ ನಗರದ ಪಕ್ಕದ ಗುಡ್ಡಗಾಡು ಪ್ರದೇಶದಲ್ಲಿ ಡಾ. ಜೆ.ಎಚ್. ಅಲೆನ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು. ಮತ್ತೆ ಮತ್ತೆ ವಾಂತಿ ಅಂತ ಬರುವ ಕೆಲವರು ಬಹಳ ಕಾಲದಿಂದ ಗಾಂಜಾ ಬಳಸುವವರಾಗಿದ್ದರು. ಅಂಥ 19 ಜನರನ್ನು ಗುರುತಿಸಿ, ಅವರಲ್ಲಿ ಒಂಬತ್ತು ಜನರನ್ನು ಕೊನೆವರೆಗೂ ಹಿಂಬಾಲಿಸಿದರು. ಅದಕ್ಕೂ ಮುಂಚೆ ಪ್ರಕಟಿಸಿದ್ದ ಒಬ್ಬ ರೋಗಿಯ ಕಥೆಯನ್ನೂ ಸೇರಿಸಿ, 2004ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಆ ಹತ್ತು ಜನರಲ್ಲಿ ಒಂಬತ್ತು ಜನ ವಾಂತಿಯ ಸಮಯದಲ್ಲಿ ಮತ್ತೆ ಮತ್ತೆ ಬಿಸಿನೀರ ಸ್ನಾನ ಮಾಡುತ್ತಿದ್ದರು! ಅದನ್ನು ಓದುವಾಗ ನನಗೆ ನಮ್ಮ ಬಚ್ಚಲೊಲೆ ಕಣ್ಣಮುಂದೆ ಬಂತು.

ಗಾಂಜಾ ಬಿಟ್ಟ ಏಳು ಜನರಲ್ಲಿ ವಾಂತಿ ನಿಂತಿತು. ಬಿಡದ ಮೂವರಲ್ಲಿ ನಿಲ್ಲಲಿಲ್ಲ. ಬಿಟ್ಟವರಲ್ಲಿ ಮೂವರು "ನೋಡೋಣ" ಅಂತ ಮತ್ತೆ ಸೇದಿದರು. ಮೂವರಿಗೂ ಕಾಯಿಲೆ ವಾಪಸ್ ಬಂತು. ಅವರಲ್ಲಿ ಇಬ್ಬರು ಮತ್ತೆ ಬಿಟ್ಟು ಗುಣವಾದರು.

ಅದಾದಮೇಲೆ 2012ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಇಂಥ 98 ರೋಗಿಗಳ ವಿವರ ಪ್ರಕಟಿಸಿದರು. ಹೊಟ್ಟೆ-ಕರುಳಿನ ಕಾಯಿಲೆಗಳನ್ನು ವರ್ಗೀಕರಿಸುವ ರೋಮ್ ಮಾನದಂಡಗಳಲ್ಲಿ 2016ರ ಹೊತ್ತಿಗೆ ಇದಕ್ಕೆ ಜಾಗ ಸಿಕ್ಕಿತು. ಕೊಲೊರಾಡೊ ರಾಜ್ಯದಲ್ಲಿ ಗಾಂಜಾ ನಿಯಮ ಸಡಿಲವಾದ ಮೇಲೆ, ಅಲ್ಲಿನ ಎಮರ್ಜೆನ್ಸಿಗಳಿಗೆ ಈ ಥರದ ವಾಂತಿಯೊಂದಿಗೆ ಬರುವವರ ಪ್ರಮಾಣ ಹತ್ತಿರ ಹತ್ತಿರ ದುಪ್ಪಟ್ಟಾಯಿತು ಅಂತ ಒಂದು ಅಧ್ಯಯನ ಹೇಳಿತು. ಭಾರತದ ಡಾಕ್ಟರುಗಳೂ ಇಲ್ಲಿನ ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಇಲ್ಲಿ ನನಗೆ ಒಂದು ವಿಷಯ ತಲೆಯಲ್ಲಿ ಉಳೀತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1987ರಿಂದಲೇ ಸ್ವಲ್ಪ ಪ್ರಮಾಣದ ಗಾಂಜಾಕ್ಕೆ ಬರೀ ದಂಡ, ಕ್ರಿಮಿನಲ್ ಕೇಸ್ ಇಲ್ಲ. ಅಲ್ಲಿನ ರೋಗಿಗೆ ಡಾಕ್ಟರ ಮುಂದೆ "ಹೌದು, ಸೇದ್ತೀನಿ" ಅನ್ನೋದು ನಮ್ಮಷ್ಟು ಕಷ್ಟ ಇರಲಿಲ್ಲ. ಅದಕ್ಕೇ ಇರಬೇಕು, ಈ ಕಾಯಿಲೆ ಅಲ್ಲಿನವರ ಕಣ್ಣಿಗೆ ಬಿದ್ದದ್ದು. ನಮ್ಮಲ್ಲಿ ನಾಲ್ಕು ತಿಂಗಳು, ಮೂರು ಅಡ್ಮಿಷನ್, ಒಂದು ಎಂಡೋಸ್ಕೋಪಿ ಆದರೂ ಆ ಮಾತು ಹೊರಗೆ ಬಂದಿರಲಿಲ್ಲ. ಪ್ರತಿ ಸಲವೂ ಡಾಕ್ಟರು "ಕುಡಿತ, ಸಿಗರೇಟ್ ಏನಾದರೂ?" ಅಂತ ಕೇಳಿದ್ದರು. ಪ್ರತಿ ಸಲವೂ ಹಾಸಿಗೆ ಪಕ್ಕ ನಿಂತಿದ್ದ ನಾನೇ "ಛೆ, ಅದೆಲ್ಲ ಇಲ್ಲ ಡಾಕ್ಟ್ರೇ" ಅಂದಿದ್ದೆ. ಅವನು ತಲೆ ತಗ್ಗಿಸಿದ್ದ. ಈಗ ಯೋಚಿಸಿದರೆ, ಅವನ ಬಾಯಿ ಕಟ್ಟಿದ್ದು ನಾನೇ.

ವಾಂತಿ ನಿಲ್ಲಿಸೋ ವಸ್ತು ವಾಂತಿ ತರಿಸೋದು ಹೇಗೆ?

ತಮ್ಮ ನೆಟ್‌ನಲ್ಲಿ ಓದಿದ್ದು ಸುಳ್ಳಲ್ಲ. ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿ ಎಂಬ ವಸ್ತುವನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಂ ಮತ್ತು ಸಹೋದ್ಯೋಗಿಗಳು ಬೇರ್ಪಡಿಸಿದರು. ಅದೇ ವಸ್ತುವನ್ನು ಲ್ಯಾಬಿನಲ್ಲಿ ತಯಾರಿಸಿದ ಡ್ರೋನಾಬಿನಾಲ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಕೀಮೊಥೆರಪಿಯ ವಾಂತಿ ಬೇರೆ ಔಷಧಕ್ಕೆ ಬಗ್ಗದಿದ್ದಾಗ ಕೊಡೋದಕ್ಕೆ.

ನಮ್ಮ ಮೆದುಳಲ್ಲೂ ಕರುಳಲ್ಲೂ ಟಿಎಚ್‌ಸಿ ಹೋಗಿ ಕೂರುವ ಸಿಬಿ1 ಎಂಬ ಗ್ರಾಹಕಗಳಿವೆ. ಬೀಗದ ಕಿಂಡಿ ಅಂದುಕೊಳ್ಳಿ. ಮೆದುಳಿನ ಕಿಂಡಿಯಲ್ಲಿ ಕೀಲಿ ತಿರುಗಿದರೆ ವಾಕರಿಕೆ ಕಡಿಮೆ. ಕರುಳಿನದರಲ್ಲಿ ತಿರುಗಿದರೆ ಹೊಟ್ಟೆಯ ಚಲನೆ ನಿಧಾನ, ತಿಂದದ್ದು ಮುಂದೆ ಸಾಗೋದು ತಡ. ಅಪರೂಪಕ್ಕೆ ತಿರುಗಿಸಿದರೆ ಒಂದು ಥರ. ದಿನಕ್ಕೆ ಮೂರು ಸಲದಂತೆ ವರ್ಷಾನುಗಟ್ಟಲೆ ತಿರುಗಿಸಿದರೆ ಕಿಂಡಿ ಸವೆಯುತ್ತೆ, ವ್ಯವಸ್ಥೆ ತಲೆಕೆಳಗಾಗುತ್ತೆ. ವಿಜ್ಞಾನಿಗಳ ಸದ್ಯದ ವಿವರಣೆ ಹೆಚ್ಚುಕಡಿಮೆ ಹೀಗಿದೆ. ಸೇದುವ ಎಲ್ಲರಿಗೂ ಇದು ಬರಲ್ಲ. ಹಾಗಾಗಿಯೇ ಗೆಳೆಯರು "ನಾವೂ ಹೊಡೀತೀವಲ್ಲ, ನಮಗೇನೂ ಆಗಿಲ್ಲ" ಅನ್ನೋದು, ಬಂದವನು ನಂಬೋದು.

ಇನ್ನೊಂದು ವಿಷಯ, ಟಿಎಚ್‌ಸಿ ಕೊಬ್ಬಿನಲ್ಲಿ ಕರಗುತ್ತೆ. ದಿನಾ ಬಳಸುವವರ ಮೈಯಿಂದ ಪೂರ್ತಿ ಹೊರಹೋಗಲು ವಾರಗಳೇ ಬೇಕು. ಮಾಲಿನ ಖದರೂ ಹಿಂದಿನಂತಿಲ್ಲ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಶೇ 4ರಷ್ಟಿತ್ತು. 2014ಕ್ಕೆ ಶೇ 12ರಷ್ಟಾಗಿತ್ತು.

ಹಾಗಾದರೆ ಬಿಸಿನೀರು? ಇದು ನನಗೆ ತುಂಬಾ ಹಿಡಿಸಿದ ಭಾಗ. ನಮ್ಮ ಚರ್ಮದ ನರಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕ ಇದೆ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗಿದಾಗ ಅದು ಎಚ್ಚರಗೊಳ್ಳುತ್ತೆ. ಅದೇ ಗ್ರಾಹಕ ಮೆಣಸಿನಕಾಯಿಯ ಖಾರಕ್ಕೂ ಎಚ್ಚರಗೊಳ್ಳುತ್ತೆ. ಗುಂಟೂರು ಮೆಣಸಿನಕಾಯಿ ಮುರಿದ ಕೈ 'ಉರಿ' ಅನ್ನೋದು, ಕೊತಕೊತ ನೀರು ತಾಗಿದ ಕೈ 'ಉರಿ' ಅನ್ನೋದು, ಎರಡಕ್ಕೂ ಒಂದೇ ಬಾಗಿಲು. ಇದನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಗಾಂಜಾದ ಅತಿಬಳಕೆಯಿಂದ ಮಂಕಾದ ಈ ಗ್ರಾಹಕವನ್ನು ಬಿಸಿನೀರು ಕೆಣಕಿ, ಸ್ವಲ್ಪ ಹೊತ್ತು ವಾಂತಿಯ ಸಂಕೇತವನ್ನು ಅಡಗಿಸುತ್ತೆ ಅನ್ನೋದು ಒಂದು ವಾದ. ನೀರು ಆರಿದ ಕೂಡಲೇ ಮತ್ತೆ ಶುರು.

ಹಾಗಾಗಿಯೇ ಕೆಲವು ಎಮರ್ಜೆನ್ಸಿಗಳಲ್ಲಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇರುವ ಮುಲಾಮನ್ನು ಹೊಟ್ಟೆಯ ಮೇಲೆ ಹಚ್ಚುತ್ತಾರೆ. ದಯವಿಟ್ಟು ಯಾರೂ ಮನೆಯಲ್ಲಿ ಖಾರದಪುಡಿ ಕಲಸಿ ಹಚ್ಚಬೇಡಿ! ಅದು ಅಳತೆ ಮಾಡಿದ ಔಷಧ, ಡಾಕ್ಟರ ಕೈಯಲ್ಲಿರಲಿ. ಬಿಸಿನೀರಿಗೂ ಮಿತಿ ಬೇಕು. ಮೈ ಸುಟ್ಟುಕೊಂಡವರಿದ್ದಾರೆ. ಬಿಸಿಗೆ ಬೆವರಿ ಮೈಯ ನೀರು ಇನ್ನಷ್ಟು ಬತ್ತಿಹೋಗುತ್ತೆ.

ಮೂರು ಹಂತ

ಕಾಯಿಲೆ ಮೂರು ಹಂತದಲ್ಲಿ ಬರುತ್ತೆ ಅಂತ ಡಾಕ್ಟರು ವಿವರಿಸಿದರು.

ಮೊದಲ ಹಂತ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಎಳೆಯುತ್ತೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ತೊಳೆಸೋದು, ವಾಂತಿ ಆಗಿಬಿಡುತ್ತೇನೋ ಅನ್ನೋ ಭಯ, ಹೊಟ್ಟೆಯಲ್ಲಿ ಸಂಕಟ. ಊಟ ಮಾಮೂಲಿ ಇರುತ್ತೆ. ಆಫೀಸಿಗೂ ಹೋಗ್ತಿರ್ತಾರೆ. 'ಗ್ಯಾಸ್' ಅಂತ ಮಾತ್ರೆ ನುಂಗ್ತಿರ್ತಾರೆ. ಇದೇ ಹಂತದಲ್ಲಿ ಗಾಂಜಾ ಜಾಸ್ತಿ ಮಾಡೋದೂ ಹೆಚ್ಚು.

ಎರಡನೆಯದು ವಾಂತಿಯ ಹಂತ. ಒಂದೆರಡು ದಿನದಿಂದ ಕೆಲವು ದಿನದವರೆಗೆ ಬಿಟ್ಟೂಬಿಡದ ವಾಂತಿ, ಹೊಟ್ಟೆನೋವು, ಬಿಸಿನೀರ ಹಂಬಲ. ಇಲ್ಲೇ ಅಪಾಯ. ನೀರು, ಲವಣ ಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಅಪರೂಪಕ್ಕೆ ಸಾವುಗಳೂ ವರದಿಯಾಗಿವೆ.

ಮೂರನೆಯದು ಚೇತರಿಕೆ. ಗಾಂಜಾ ನಿಲ್ಲಿಸಿದರೆ ಮಾತ್ರ ಇದು ಉಳಿಯುತ್ತೆ. ಮತ್ತೆ ಶುರುಮಾಡಿದರೆ ಚಕ್ರ ಮೊದಲಿಂದ ತಿರುಗುತ್ತೆ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್, ಲವಣಗಳ ತುಂಬಿಕೆ. ನಾವೆಲ್ಲ ವಾಂತಿಗೆ ತಗೊಳ್ಳೋ ಒಂಡಾನ್ಸೆಟ್ರಾನ್ ಈ ಕಾಯಿಲೆಗೆ ಎಷ್ಟೋ ಸಲ ಬಗ್ಗಲ್ಲ. ತಮ್ಮನಿಗೆ ಮೂರು ಅಡ್ಮಿಷನ್‌ನಲ್ಲೂ ಅದನ್ನೇ ಕೊಟ್ಟಿದ್ದರು, ಪಾಪ ಅವರಿಗೆ ಏನು ಗೊತ್ತು. ಕೆನಡಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಹಾಲೊಪೆರಿಡಾಲ್ ಎಂಬ ಬೇರೆ ಬಗೆಯ ಔಷಧ ಒಂಡಾನ್ಸೆಟ್ರಾನ್‌ಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಅಫೀಮು ಜಾತಿಯ ನೋವಿನ ಇಂಜೆಕ್ಷನ್‌ಗಳು ಇದನ್ನು ಇನ್ನಷ್ಟು ಕೆಡಿಸಬಹುದು. ಅಂದರೆ, ನೀವು ನಿಜ ಹೇಳಿದರೆ ಡಾಕ್ಟರು ಕೊಡೋ ಇಂಜೆಕ್ಷನ್ನೇ ಬದಲಾಗುತ್ತೆ. ತಮ್ಮನ ಪಿತ್ತಕೋಶ ಇವತ್ತಿಗೂ ಅವನ ಹೊಟ್ಟೆಯಲ್ಲೇ ಇದೆ. ಆ ಪುಟ್ಟ ಕಲ್ಲು ತನ್ನ ಪಾಡಿಗೆ ತಾನು ಕೂತಿದೆ.

ಒಂದು ಎಚ್ಚರಿಕೆ: ಗಾಂಜಾ ಸೇದುವವರಿಗೆ ವಾಂತಿ ಬಂದರೆ ಅದೆಲ್ಲ ಇದೇ ಕಾಯಿಲೆ ಅಂತಲ್ಲ. ಅಪೆಂಡಿಕ್ಸ್, ಮೇದೋಜ್ಜೀರಕದ ಊತ, ಸಕ್ಕರೆ ಕಾಯಿಲೆಯ ಏರುಪೇರು, ಹೆಣ್ಣುಮಕ್ಕಳಲ್ಲಿ ಗರ್ಭ ನಿಂತಿರೋದು, ಇವನ್ನೆಲ್ಲ ಡಾಕ್ಟರೇ ನೋಡಿ ಬಿಡಿಸಬೇಕು. ಇದನ್ನ ಓದಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ವಾಂತಿ ನಿಲ್ಲದಿದ್ದರೆ, ಎಂಟ್ಹತ್ತು ಗಂಟೆ ಮೂತ್ರ ಹೋಗದಿದ್ದರೆ, ತಲೆಸುತ್ತಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ.

"ಭಂಗಿ ಆದ್ರೆ ಪರವಾಗಿಲ್ವಾ?"

ತಮ್ಮನ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಕಾನೂನಿನ ಪ್ರಕಾರ ಭಂಗಿ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಡುವ ತುದಿ. ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರಲ್ಲ. ಆದರೆ ನಿಮ್ಮ ಹೊಟ್ಟೆ ಕಾಯ್ದೆ ಓದಿಲ್ಲವಲ್ಲ! ಗಿಡ ಒಂದೇ, ಟಿಎಚ್‌ಸಿ ಒಂದೇ. ಚರಸ್ಸು, ವೇಪ್, ಚಾಕೊಲೇಟ್, ಗಮ್ಮಿ, ಯಾವ ದಾರಿಯಲ್ಲಿ ಹೋದರೂ ಅದೇ ಕಿಂಡಿಗೆ ಅದೇ ಕೀಲಿ.

ನಾವಂದುಕೊಂಡಷ್ಟು ಅಪರೂಪದ ಅಭ್ಯಾಸವೂ ಅಲ್ಲ ಇದು. ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿದ 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಸುಮಾರು 3.1 ಕೋಟಿ ಭಾರತೀಯರು ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಜನಕ್ಕೆ ಈ ಬಳಕೆಯಿಂದಾಗಿ ನೆರವು ಬೇಕಾಗಿತ್ತು. ನಿಮ್ಮ ಟೀಮಲ್ಲಿ, ನಿಮ್ಮ ಫ್ಲಾಟಲ್ಲಿ ಒಬ್ಬರಾದರೂ ಇರಬಹುದು.

ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ ಅನ್ನೋದು ತಮ್ಮನ ದೊಡ್ಡ ಭಯವಾಗಿತ್ತು. ಗಾಂಜಾ ಸೇವನೆ ಅಪರಾಧ, ನಿಜ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಇನ್ನೊಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವರು ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದರೂ, ತಾವಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ರೋಗಿಯ ಗುಟ್ಟು ಕಾಯೋದಂತೂ ಡಾಕ್ಟರ ವೃತ್ತಿಧರ್ಮ.

ಬಿಡೋದು ಒಂದೇ ದಿನದ ಕೆಲಸ ಅಲ್ಲ

ಮೇ ಮೊದಲ ವಾರದಿಂದ ತಮ್ಮ ಬಿಟ್ಟ. ಮೊದಲ ಎರಡು ವಾರ ಮನೆಯಲ್ಲಿ ಯುದ್ಧ. ನಿದ್ದೆ ಇಲ್ಲ, ಬಂದರೆ ವಿಚಿತ್ರ ಕನಸು, ಸಣ್ಣದಕ್ಕೆಲ್ಲ ಸಿಡಿಮಿಡಿ, ಊಟ ಬೇಡ. ಇದು ಬಿಡುವಾಗಿನ ಮಾಮೂಲಿ ತೊಂದರೆ, ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳಿದ್ದರು. ಅದಕ್ಕೇ ತಡಕೊಂಡ್ವಿ. ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೇ ಅಂತ ಪ್ರತ್ಯೇಕ ಕೇಂದ್ರ ಇದೆ, ಅಲ್ಲಿಗೆ ಹೋಗಿಬಂದ. ಜೂನ್, ಜುಲೈ ಒಂದು ವಾಂತಿಯೂ ಇಲ್ಲ. ನಾಲ್ಕು ಕೆಜಿ ಮೈ ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಸಕಲೇಶಪುರದ ಹೋಮ್‌ಸ್ಟೇಗೆ ಗೆಳೆಯರ ಜೊತೆ ಹೋದ. ಮಳೆ, ಮಂಜು, "ಒಂದೇ ಒಂದು, ಏನಾಗಲ್ಲ ಮಗಾ". ಆ ವಾರ ಏನೂ ಆಗಲಿಲ್ಲ. ಹಾಗಾಗಿ ಮುಂದಿನ ವಾರವೂ, ಅದರ ಮುಂದಿನ ವಾರವೂ. ಐದನೇ ವಾರ ಬೆಳಗಿನ ಜಾವ ನಾಲ್ಕಕ್ಕೆ ಗೀಜರ್ ಸ್ವಿಚ್ಚಿನ ಸದ್ದಿಗೆ ನನಗೆ ಎಚ್ಚರವಾಯ್ತು.

ನನಗೆ ಬೈಯಬೇಕು ಅನಿಸ್ತು. ಬೈದೆ ಕೂಡ, ಸುಳ್ಳು ಯಾಕೆ ಹೇಳ್ಲಿ. ಕಾರಲ್ಲಿ ಅರ್ಧ ದಾರಿ ಬೈದೆ. ಅವನು ಬಕೆಟ್ ಹಿಡಕೊಂಡು ಸುಮ್ಮನೆ ಕೂತಿದ್ದ. ಆದರೆ ಎಮರ್ಜೆನ್ಸಿಯ ಬಾಗಿಲಲ್ಲಿ, ಡಾಕ್ಟರು ಏನು ಅಂತ ಕೇಳೋಕೆ ಮುಂಚೆಯೇ ಅವನು ಹೇಳಿದ: "ನನಗೆ ಸಿಎಚ್‌ಎಸ್ ಇದೆ. ಐದು ವಾರದಿಂದ ಮತ್ತೆ ಗಾಂಜಾ ತಗೊಂಡಿದೀನಿ. ಪೊಟ್ಯಾಸಿಯಂ ನೋಡಿ."

ಏಪ್ರಿಲ್‌ನಲ್ಲಿ ನಾಲ್ಕು ದಿನ ಮಲಗಿಸಿದ ಕಾಯಿಲೆ ಈ ಸಲ ಮಾರನೇ ದಿನವೇ ಮನೆಗೆ ಕಳಿಸ್ತು. ನನ್ನ ಕೋಪವೂ ಅಲ್ಲೇ ಇಳೀತು. ಮೊದಲ ಸಲ ಅವನು ಆ ಮಾತು ಹೇಳೋಕೆ ನನ್ನನ್ನ ಹೊರಗೆ ಕಳಿಸಬೇಕಾಗಿತ್ತು. ಈ ಸಲ ನಾನು ಪಕ್ಕದಲ್ಲೇ ನಿಂತಿದ್ದೆ.

ನಿಮ್ಮ ಮನೆಯಲ್ಲಿ, ರೂಮಲ್ಲಿ ಯಾರಾದರೂ ಹೀಗೆ ಕಾರಣವಿಲ್ಲದೆ ವಾಂತಿ ಮಾಡಿಕೊಳ್ತಾ ಗಂಟೆಗಟ್ಟಲೆ ಶವರ್ ಕೆಳಗೆ ನಿಲ್ತಿದ್ದರೆ ಮೆಲ್ಲಗೆ ಕೇಳಿ. ಎಲ್ಲರೆದುರು ಬೇಡ. ಆಸ್ಪತ್ರೆಯಲ್ಲಿ "ಅವನಿಗೆ ಆ ಅಭ್ಯಾಸ ಇಲ್ಲ" ಅಂತ ಅವರ ಪರವಾಗಿ ನೀವು ಉತ್ತರ ಕೊಡಬೇಡಿ. ಡಾಕ್ಟರ ಜೊತೆ ಒಬ್ಬರೇ ಮಾತಾಡೋಕೆ ಹತ್ತು ನಿಮಿಷ ಬಿಟ್ಟುಕೊಡಿ. ಬಿಡೋಕೆ ಸಹಾಯ ಬೇಕಾದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೆ ಗೊತ್ತಾ ಅಂತ ಕೇಳ್ತೀರಿ. ಹೋದ ತಿಂಗಳು ಅವನೇ ಊರಿಗೆ ಹೋಗಿ ಹೇಳಿದ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನಗೆ ಫೋನ್ ಮಾಡಿ ಅತ್ತರು. "ನಾನೇ ಮಟ್ಟೆ ಹಾಕಿ ಹಾಕಿ ನೀರು ಕಾಯಿಸಿಕೊಟ್ಟೆನಲ್ಲೇ" ಅಂತ. ಆ ನೀರಿನಿಂದ ಕಾಯಿಲೆ ಬಂದಿದ್ದಲ್ಲಮ್ಮಾ, ಅದರಿಂದಲೇ ಕಾಯಿಲೆ ಸಿಕ್ಕಿದ್ದು ಅಂದೆ. ಅರ್ಥವಾಯ್ತೋ ಇಲ್ಲವೋ.

ಮುಂದಿನ ವಾರ ನೀರು ತುಂಬುವ ಹಬ್ಬ. ಎಲ್ಲರೂ ತಿಪಟೂರಿಗೆ ಹೋಗ್ತಿದ್ದೀವಿ. ನಿನ್ನೆ ಅಮ್ಮ ಫೋನ್ ಮಾಡಿದ್ದರು. ಹಂಡೆ ತೊಳೆದಾಯ್ತಂತೆ. "ಅವನು ಈ ಸಲ ಎಷ್ಟು ಸಲ ಬಚ್ಚಲಿಗೆ ಹೋಗ್ತಾನೆ ಅಂತ ನಾನು ಎಣಿಸ್ತೀನಿ" ಅಂದರು. ಪಕ್ಕದಲ್ಲಿದ್ದ ತಮ್ಮ ಫೋನ್ ಕಿತ್ಕೊಂಡು, "ಒಂದೇ ಸಲ ಅಮ್ಮಾ. ಆದ್ರೆ ನೀರು ಚೆನ್ನಾಗಿ ಕಾಯ್ಸು" ಅಂದ.